ಮಾವನ ಉತ್ತರ ನಾನು ಹೇಳುದು ಬಿಟ್ಟದ್ದು

ನಮ್ಮ ಮನೇಲಿ ವಾರಕ್ಕೆ ಎರಡು ದಿನ ಬೆಳಗ್ಗೆ ನಾಲ್ಕೂವರೆಗೇ ಒಲೆ ಹತ್ತುತ್ತದೆ. ಮಂಗಳವಾರ, ಶುಕ್ರವಾರ. ಆ ಎರಡು ದಿನ ಮಾವನಿಗೆ ಡಯಾಲಿಸಿಸ್. ಮೂರ್ನಾಡಿಂದ ಹಾಕತ್ತೂರು, ಮೇಕೇರಿ ದಾಟಿ ಮಡಿಕೇರಿಗೆ ಹೋಗ್ಬೇಕು. ದಾರಿ ದೂರ ಏನಲ್ಲ, ಹದಿನೈದು ಕಿಲೋಮೀಟರ್ ಹತ್ತಿರ. ಆದರೆ ಜುಲೈ ತಿಂಗಳ ಮಂಜಲ್ಲಿ, ಮುಂದೆ ಹೋಗುವ ಜೀಪಿನ ಕೆಂಪು ದೀಪ ಕೂಡ ಕಾಣದ ಹೊತ್ತಲ್ಲಿ, ಅದು ಮೈಸೂರಿನಷ್ಟು ದೂರ ಅನ್ನಿಸ್ತದೆ.

ಮಾವನಿಗೆ ಈಗ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಇತ್ತು, ಅದು ಮೆಲ್ಲಗೆ ಮೂತ್ರಪಿಂಡ ತಿಂದು ಹಾಕಿತು. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಶುದ್ಧ ರಕ್ತದ ನಾಳಕ್ಕೂ ಅಶುದ್ಧ ರಕ್ತದ ನಾಳಕ್ಕೂ ಗಂಟು ಹಾಕಿದ ಜಾಗ ಅದು. ಕೈ ಇಟ್ಟರೆ ಒಳಗೆ ಜೇನು ಗುಂಯ್‌ಗುಟ್ಟಿದ ಹಾಗೆ ಆಗ್ತದೆ. ಆ ಕೈಯಲ್ಲಿ ಬಿಪಿ ನೋಡ್ಬಾರದು, ಸೂಜಿ ಚುಚ್ಚಿಸ್ಬಾರದು, ಭಾರ ಎತ್ಬಾರದು. ಕರಿಮೆಣಸಿನ ಚೀಲ ಹೆಗಲ ಮೇಲೆ ಹಾಕ್ಕೊಂಡು ಏಣಿ ಹತ್ತಿದ ಮನುಷ್ಯ ಈಗ ಬಿಂದಿಗೆ ಎತ್ತುವ ಹಾಗಿಲ್ಲ.

ಇದೆಲ್ಲ ನಂಗೆ ಬಾಯಿಪಾಠ. ಸೊಪ್ಪು ತರಕಾರಿ ಸಣ್ಣಕ್ಕೆ ಹೆಚ್ಚಿ, ತುಂಬ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಮತ್ತೆ ಒಗ್ಗರಣೆ ಹಾಕುದು, ಪೊಟ್ಯಾಷಿಯಂ ಇಳಿಯಲಿ ಅಂತ. ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ಮನೆ ಹಿಂದಿನ ಕಿತ್ತಳೆ ಇಲ್ಲ. ಬೆಳಗ್ಗೆ ಒಂದು ಲೀಟರಿನ ಬಾಟ್ಲಿ ತುಂಬಿಸಿ ಇಡುದು, ದಿನದ ನೀರು ಅಷ್ಟೇ. ಕಾಫಿ, ಗಂಜಿತಿಳಿ, ಮಾತ್ರೆ ನುಂಗುವ ನೀರು ಎಲ್ಲ ಅದರಲ್ಲೇ ಕಳೆಯಬೇಕು. ಲೆಕ್ಕ ಇಡುದು ನಾನು. ಡಾಕ್ಟ್ರ ಹತ್ರ ಮಾತಾಡುದು ನಾನು. ಮೂರು ತಿಂಗಳಿಗೊಮ್ಮೆ ಮೈಸೂರಿನ ಕಿಡ್ನಿ ತಜ್ಞರ ಹತ್ರ ಹೋದಾಗ ಫೈಲು ಬಿಡಿಸುದೂ ನಾನೇ. ಅವರು "ಹೇಗಿದ್ದೀರಿ ಅಜ್ಜ?" ಅಂತ ಕೇಳಿದರೆ ಮಾವ ಬಾಯಿ ತೆರೆಯುವ ಮೊದಲೇ ನಾನು "ಪರ್ವಾಗಿಲ್ಲ ಸರ್, ಊಟ ಸ್ವಲ್ಪ ಕಮ್ಮಿ" ಅಂತ ಹೇಳಿ ಆಗಿರ್ತದೆ. ಮಾವ ತಲೆ ಆಡಿಸ್ತಾರೆ. ಐದು ನಿಮಿಷ. ಹೊರಗೆ ಇಪ್ಪತ್ತು ಜನ ಕಾಯ್ತಾ ಇರ್ತಾರೆ.

ಹೋದ ವರ್ಷ ಆಟಿ ತಿಂಗಳಲ್ಲಿ ಡಯಾಲಿಸಿಸ್ ವಾರ್ಡಲ್ಲಿ ಒಬ್ಬಳು ಹುಡುಗಿ ಮಾತಾಡಿಸಿದಳು. ಮಂಗಳೂರಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ, ನಾಪೋಕ್ಲು ಕಡೆಯವಳು, ನಮ್ಮ ಅರೆಭಾಷೆಯವಳೇ. ಎರಡು ವರ್ಷದ ಆ ಓದಿಗೆ ಒಂದು ಪ್ರಬಂಧ ಬರೀಬೇಕಂತೆ. ಇವಳ ವಿಷಯ, ಊರಿಂದ ದೂರ ಹೋಗಿ ತಜ್ಞರ ಚಿಕಿತ್ಸೆ ತಗೊಳ್ಳುವ ಡಯಾಲಿಸಿಸ್ ರೋಗಿಗಳಿಗೆ ತಮ್ಮ ಕಾಯಿಲೆ ಹೇಗೆ ಅನ್ನಿಸ್ತದೆ ಅಂತ. ನಾನು ಅಂದುಕೊಂಡೆ, ಇನ್ನೊಂದು ಫಾರಂ. ಒಂದರಿಂದ ಐದಕ್ಕೆ ಗುರುತು ಹಾಕಿ ಅಂತಾರಲ್ಲ, ಹಾಗೆ. "ಕೊಡಿ, ನಾನೇ ತುಂಬಿಸ್ತೇನೆ" ಅಂದೆ.

ಅವಳು ನಕ್ಕಳು. "ಫಾರಂ ಇಲ್ಲ ಅತ್ತೆ. ಅಜ್ಜನ ಹತ್ರ ಮಾತಾಡ್ಬೇಕು. ಮನೆಗೆ ಬರ್ಬಹುದಾ?"

ಬಂದದ್ದು ಆಟಿ ಹದಿನೆಂಟರ ಹಿಂದಿನ ದಿನ. ನಮ್ಮ ಕಡೆ ಗೊತ್ತುಂಟಲ್ಲ, ಆಟಿ ಹದಿನೆಂಟಕ್ಕೆ ಮದ್ದುಸೊಪ್ಪಲ್ಲಿ ಹದಿನೆಂಟು ಬಗೆ ಮದ್ದು ಸೇರಿರ್ತದೆ ಅಂತ ನಂಬಿಕೆ. ಆ ಸೊಪ್ಪು ಬೇಯಿಸಿದ ನೇರಳೆ ಬಣ್ಣದ ನೀರಲ್ಲಿ ಪಾಯಸ ಮಾಡುದು. ನಾನು ಅಡುಗೆಮನೇಲಿ ಸೊಪ್ಪು ಬೇಯಲಿಕ್ಕೆ ಇಟ್ಟಿದ್ದೆ, ಮನೆಯೆಲ್ಲ ಅದೇ ವಾಸನೆ. ಹುಡುಗಿ ಒಂದು ಕಾಗದ ತೆಗೆದು ನಿಧಾನವಾಗಿ ಓದಿ ಹೇಳಿದಳು. ಮಾತನ್ನು ಫೋನಲ್ಲಿ ರೆಕಾರ್ಡ್ ಮಾಡ್ತೇನೆ, ಬೇಡದ ಪ್ರಶ್ನೆಗೆ ಉತ್ತರ ಹೇಳ್ಬೇಕಂತ ಇಲ್ಲ, ಯಾವಾಗ ಬೇಕಾದರೂ ಬೇಡ ಅನ್ನಬಹುದು, ಬೇಡ ಅಂದರೆ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ, ಬರೆಯುವಾಗ ಹೆಸರು ಹಾಕುದಿಲ್ಲ.

ಮಾವನಿಗೆ ಕೊನೇದು ಹಿಡಿಸಲಿಲ್ಲ. "ನನ್ನ ಹೆಸ್ರ್ ಎಂತಕೆ ಬದಲ್ಸುದು? ನಾ ಎಂತ ಕಳ್ಳನಾ?"

ಎಲ್ಲರಿಗೂ ಹಾಗೇ ಅಜ್ಜ, ನೀವು ಪಿ 7, ಏಳನೆಯವರು ಅಂದಳು. ಮಾವ ಸಹಿ ಹಾಕಿದರು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಅತ್ತೆ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಹೊತ್ತು ಒಳಗೆ ಇರ್ತೀರಾ?" ಅಂದಳು.

ಸುಳ್ಳು ಯಾಕೆ ಹೇಳ್ಲಿ, ಬೇಜಾರಾಯ್ತು. ಎರಡು ವರ್ಷದಿಂದ ಬಾಟ್ಲಿ ಅಳೆದು ಕೊಟ್ಟವಳು ನಾನು. ಮಾವನಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ಗೊತ್ತಿಲ್ಲ, ನಂಗೆ ಗೊತ್ತುಂಟು. ನನ್ನನ್ನು ಎಬ್ಬಿಸಿ ಕಳಿಸಿ ಇವಳಿಗೆ ಎಂತ ಸಿಗ್ತದೆ? ಪಾತ್ರೆ ಸ್ವಲ್ಪ ಜೋರಾಗೇ ಕುಕ್ಕಿದೆ ಅಂತ ಕಾಣ್ತದೆ.

ಹತ್ತು ನಿಮಿಷದಲ್ಲಿ ಮುಗೀತದೆ ಅಂದುಕೊಂಡಿದ್ದೆ. ಒಂದೂವರೆ ಗಂಟೆ ಆಯ್ತು. ಗೋಡೆಯಾಚೆ ಮಾವನ ಸ್ವರ ಮಾತ್ರ ಕೇಳ್ತಿತ್ತು, ಮಾತು ಬಿಡಿಸಿ ಕೇಳ್ತಿರಲಿಲ್ಲ. ನಮ್ಮ ಮಾವ ಅಷ್ಟು ಹೊತ್ತು ಮಾತಾಡಿದ್ದು ನಾನು ಈ ಮನೆಗೆ ಬಂದ ಮೇಲೆ ಕೇಳಿದ್ದೇ ಇಲ್ಲ. ಮಧ್ಯೆ ಒಮ್ಮೆ ಇಬ್ಬರೂ ಜೋರಾಗಿ ನಕ್ಕರು. ಆಮೇಲೆ ತುಂಬ ಹೊತ್ತು ಸದ್ದೇ ಇಲ್ಲ.

ಕಾಫಿ ಕೊಡುವಾಗ ಹುಡುಗಿಯ ಕಣ್ಣು ಕೆಂಪಾಗಿತ್ತು. ನಾನು ಮೆಲ್ಲಗೆ ಕೇಳಿದೆ, "ಎಂತ ಹೇಳಿದ್ರು?" ಅವಳು, "ಅದು ಅಜ್ಜನದು ಅತ್ತೆ. ಅವರೇ ಹೇಳ್ಬೇಕು" ಅಂದಳು. ನಂಗೆ ಮತ್ತೂ ಸಿಟ್ಟು ಬಂತು.

ಸಿಟ್ಟು ಇಳಿದ ಮೇಲೆ ಅವಳ ಹತ್ರ ಈ ಓದಿನ ಬಗ್ಗೆ ಸ್ವಲ್ಪ ಕೇಳಿ ತಿಳ್ಕೊಂಡೆ. ನರ್ಸಿಂಗಿನಲ್ಲಿ ಸಂಶೋಧನೆ ಅಂತ ಒಂದುಂಟು ಅಂತಲೇ ನಂಗೆ ಗೊತ್ತಿರಲಿಲ್ಲ. ದೆಹಲಿಯ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜಲ್ಲಿ 1959ರಲ್ಲೇ ಸ್ನಾತಕೋತ್ತರ ತರಗತಿ ಶುರುವಾಗಿತ್ತಂತೆ. ಅಮೆರಿಕಾದಲ್ಲಿ ಜೀನ್ ಕ್ವಿಂಟ್ ಅಂತ ಒಬ್ಬರು ನರ್ಸು. ಕ್ಯಾನ್ಸರಿಗೆ ಸ್ತನ ತೆಗೆಸಿಕೊಂಡ ಹೆಂಗಸರ ಜೊತೆ ಕೂತು ಮಾತಾಡಿ, ಅವರು ಹೇಳಿದ್ದನ್ನು 1963ರಲ್ಲಿ ನರ್ಸುಗಳ ಪತ್ರಿಕೇಲಿ ಬರೆದರಂತೆ. ಗಾಯ ಒಣಗಿತ್ತು, ಆದರೆ ಮುಂದೆ ಎಂತ ಆಗ್ತದೆ ಅನ್ನುವ ಭಯ ಹೇಳಿಕೊಳ್ಳಲಿಕ್ಕೆ ಆ ಹೆಂಗಸರಿಗೆ ಆಸ್ಪತ್ರೇಲೂ ಮನೇಲೂ ಜನ ಸಿಗ್ತಿರಲಿಲ್ಲ. ಎಲ್ಲರೂ ಮಾತು ತಿರುಗಿಸುವವರೇ. ಅದಕ್ಕೂ ನೂರು ವರ್ಷ ಹಿಂದೆ, 1859ರ ತನ್ನ ಪುಸ್ತಕದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಂದು ಅಧ್ಯಾಯವನ್ನೇ ಇದಕ್ಕೆ ಇಟ್ಟಿದ್ದಾರಂತೆ. ರೋಗಿ ನೋಡಲಿಕ್ಕೆ ಬಂದವರು ಕೊಡುವ ಬಾಯಿಮಾತಿನ ಧೈರ್ಯ, ಬಿಟ್ಟಿ ಬುದ್ಧಿಮಾತು, ಇವು ರೋಗಿಯನ್ನು ಎಷ್ಟು ಸುಸ್ತು ಮಾಡ್ತವೆ ಅಂತ. ನಂಗೆ ನಮ್ಮ ನೆಂಟರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ನಾನು ಮಾತ್ರ ಬರಲಿಲ್ಲ, ಆಗ.

ಕೈಲುಮುಹೂರ್ತ ಕಳೆದ ವಾರ ಅವಳು ಮತ್ತೆ ಬಂದಳು. ಬೇತ್ರಿಯಲ್ಲಿ ಕಾವೇರಿ ಇಳಿದಿತ್ತು, ಬಿಸಿಲು ಬಂದಿತ್ತು. ಬರೆದದ್ದನ್ನು ಮಾವನಿಗೆ ಓದಿ ಹೇಳಲಿಕ್ಕೆ ಬಂದದ್ದಂತೆ. ಅವಳ ಓದಿನ ಕ್ರಮಾನೇ ಹಾಗೆ. ಕೊಲೈಝಿ ಅಂತ ಒಬ್ಬರು 1978ರಲ್ಲಿ ಹೇಳಿಕೊಟ್ಟ ದಾರಿ ಅದು, ಕೊನೇ ಹೆಜ್ಜೆ ರೋಗಿಯ ಹತ್ರವೇ ವಾಪಸ್ ಹೋಗಿ "ನೀವು ಹೇಳಿದ್ದು ಇದೇನಾ?" ಅಂತ ಕೇಳುದು. ನಾನು ಸುಮ್ಮನೆ ಎದ್ದು ಒಳಗೆ ಹೊರಟೆ. ಈ ಸಲ ತಡೆದದ್ದು ಮಾವ.

"ಇವ್ಳೂ ಕೇಳ್ಲಿ" ಅಂದರು.

ಎರಡು ಪುಟ ಇತ್ತು. ಅವಳು ಅರೆಭಾಷೇಲೇ ಹೇಳ್ತಾ ಹೋದಳು. ನೆನಪಿದ್ದಷ್ಟು ಬರೀತೇನೆ, ಮಾವನನ್ನು ಕೇಳಿಯೇ ಬರೀತಿದ್ದೇನೆ.

ಸೂಜಿ ನೋವಲ್ಲ, ಬಾಯಾರಿಕೆ ದೊಡ್ಡದು ಅಂತ ಅವರು ಹೇಳಿದ್ದರು. ಹೊರಗೆ ಮೂರು ತಿಂಗಳು ಮಳೆ ಹೊಯ್ತದೆ, ಮಾಡಿಂದ ನೀರು ಸುರೀತದೆ, ತಾನು ಅದನ್ನು ನೋಡ್ಕೊಂಡು ನಾಲಗೆ ಒಣಗಿಸ್ಕೊಂಡು ಕೂರಬೇಕು. ಮದುವೆ, ತಿಥಿ ಎಲ್ಲ ಬಿಟ್ಟದ್ದು ಸುಸ್ತಿಗಲ್ಲ. ಹೋದ ಮನೇಲೆಲ್ಲ ಕಾಫಿ ಕೊಡ್ತಾರೆ, ಬೇಡ ಅಂದರೆ ಯಾಕೆ ಅಂತ ಕಥೆ ಹೇಳ್ಬೇಕು. ಡಯಾಲಿಸಿಸಿನ ಕೊನೇ ಒಂದು ಗಂಟೆ ಕಾಲು ಹಿಡ್ಕೊಳ್ತದೆ, ಹಲ್ಲು ಕಚ್ಚಿ ಮಲಗ್ತೇನೆ, ಮನೆಗೆ ಬಂದ ಮೇಲೆ ಮಾರನೇ ದಿನದವರೆಗೆ ಸತ್ತ ಹಾಗೆ ಇರ್ತದೆ. ಇದನ್ನು ಮೈಸೂರಿನ ಡಾಕ್ಟ್ರಿಗೆ ಹೇಳಿಲ್ಲ. ಯಾಕೆ ಅಂದರೆ ಅವರು ಕೇಳಿದಾಗ ಉತ್ತರ ಬೇರೆಯವರು ಹೇಳಿ ಆಗಿರ್ತದೆ.

ಇಲ್ಲಿ ಹುಡುಗಿ ಸ್ವಲ್ಪ ನಿಲ್ಲಿಸಿದಳು. ಮಾವ "ಓದ್" ಅಂದರು.

ನನ್ನ ಕಾಯಿಲೆ ಈಗ ನನ್ನದಲ್ಲ, ಮನೆಯವರದ್ದು. ಸೊಸೆಯ ವಾರದ ಎರಡು ದಿನ ತಿಂತಿದ್ದೇನೆ. ಮೂರು ಸಲ ಇದನ್ನು ನಿಲ್ಲಿಸುದು ಅಂತ ಯೋಚನೆ ಮಾಡಿದ್ದೇನೆ. ಜುಲೈಯಲ್ಲಿ ಒಂದು ಶುಕ್ರವಾರ ಹೊಟ್ಟೆ ಸರಿ ಇಲ್ಲ ಅಂತ ಹೋಗದೆ ಉಳಿದೆನಲ್ಲ, ಅವತ್ತು ಹೊಟ್ಟೆಗೆ ಎಂತದೂ ಆಗಿರಲಿಲ್ಲ.

ನಂಗೆ ಆ ಶುಕ್ರವಾರ ನೆನಪಿತ್ತು. ಶುಂಠಿ ಜಜ್ಜಿ ರಸ ತೆಗೆದು ಕೊಟ್ಟಿದ್ದೆ. ಒಂದು ಚಮಚ, ಬಾಟ್ಲಿಯ ಲೆಕ್ಕದಲ್ಲಿ ಬರೆದೂ ಇಟ್ಟಿದ್ದೆ.

ಆಮೇಲೆ ಗೊತ್ತಾಯ್ತು, ಮೊದಲ ದಿನವೇ ಹುಡುಗಿ ಮಾವನಿಗೆ ಹೇಳಿದ್ದಳಂತೆ. ಬೇರೆ ಎಲ್ಲ ನನ್ನಲ್ಲಿ ಗುಟ್ಟಾಗಿ ಇರ್ತದೆ ಅಜ್ಜ, ಇದೊಂದು ಮಾತ್ರ ಕಾಗದದಲ್ಲಿ ಮುಚ್ಚಿಡಲಿಕ್ಕೆ ಆಗುದಿಲ್ಲ, ಡಾಕ್ಟ್ರಿಗೋ ಮನೆಯವರಿಗೋ ಹೇಳುವ, ನಾನೂ ಜೊತೆಗೆ ಕೂರ್ತೇನೆ ಅಂತ. ಮಾವ ವಾರ್ಡಿನ ಸಿಸ್ಟರ್ ಹತ್ರ ಆ ವಾರವೇ ಹೇಳಿದ್ದರು. ನಮಗೆ ಹೇಳಲಿಕ್ಕೆ ಈ ದಿನ ಕಾದಿದ್ದರು.

ಎಲ್ಲ ಓದಿ ಆದ ಮೇಲೆ ಹುಡುಗಿ ಕೇಳಿದಳು, "ಸರಿ ಉಟ್ಟಾ ಅಜ್ಜ?" ಮಾವ ಒಂದು ತಿದ್ದಿದರು. 'ಸೊಸೆ ಮಾತಾಡಲು ಬಿಡುವುದಿಲ್ಲ' ಅಂತ ಒಂದು ಕಡೆ ಇತ್ತು. "ಗೂಡೆ, ಇದ್ ಸರಿ ಇಲ್ಲೆ. ಬಿಡ್ದೆ ಇರುದಲ್ಲ. ಇವ್ಳಿಗೆ ಹೆದ್ರಿಕೆ. ನಾ ಎಂತಾರ್ ಹೇಳಿರೆ ಅಂತ."

ಅದು ನಿಜ. ಅದನ್ನು ಕೂಡ ಯಾರೂ ನನ್ನ ಹತ್ರ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಕ್ಟೋಬರಲ್ಲಿ ಮೈಸೂರಿಗೆ ಹೋದ್ವಿ. ಡಾಕ್ಟ್ರು ಎಂದಿನಂತೆ ನನ್ನ ಮುಖ ನೋಡಿ ಕೇಳಿದರು. ನಾನು ಫೈಲು ತೊಡೆ ಮೇಲೆ ಇಟ್ಕೊಂಡು ಕೆಳಗೆ ನೋಡ್ತಾ ಕೂತೆ. ಎಷ್ಟು ಹೊತ್ತು ಅಂತೀರಿ, ಅರ್ಧ ನಿಮಿಷ ಇರಬಹುದು, ಅಷ್ಟು ಕಷ್ಟದ ಅರ್ಧ ನಿಮಿಷ ನಾನು ಕಂಡಿಲ್ಲ. ಮಾವ ಗಂಟಲು ಸರಿ ಮಾಡಿಕೊಂಡು ಕೊನೇ ಗಂಟೆಯ ಕಾಲು ಸೆಳೆತದ ವಿಷಯ ಹೇಳಿದರು. ಡಾಕ್ಟ್ರು ಪೆನ್ನು ಕೆಳಗೆ ಇಟ್ಟರು. ಕಾಲು ಒತ್ತಿ ನೋಡಿದರು, ಮಲಗಿಸಿ ನಿಲ್ಲಿಸಿ ಬಿಪಿ ನೋಡಿದರು, ಊಟ ಕೇಳಿದರು. ಡಯಾಲಿಸಿಸಿನಲ್ಲಿ ಮೈಯ ಹೆಚ್ಚಿನ ನೀರು ತೆಗೆದ ಮೇಲೆ ಇಷ್ಟು ತೂಕ ಉಳೀಬೇಕು ಅಂತ ಒಂದು ಲೆಕ್ಕ ಇರ್ತದೆ, ಡ್ರೈ ವೆಯ್ಟ್ ಅಂತಾರೆ. ಮಾವ ಈಚೆಗೆ ಸ್ವಲ್ಪ ಮೈ ಹಿಡಿದಿದ್ದರು, ಲೆಕ್ಕ ಮಾತ್ರ ಹಳೇದೇ ಇತ್ತು. ಹಾಗಾಗಿ ಪ್ರತಿ ಸಲ ಬೇಕಾದದ್ದಕ್ಕಿಂತ ಜಾಸ್ತಿ ನೀರು ಎಳೀತಿತ್ತು. ಅರ್ಧ ಕಿಲೋ ಏರಿಸಿ ಬರೆದುಕೊಟ್ಟರು. ಮೂರು ವಾರದಲ್ಲಿ ಸೆಳೆತ ಬಹಳ ಕಮ್ಮಿ ಆಯ್ತು.

ಬಾಯಾರಿಕೆ ಹೋಗಲಿಲ್ಲ, ಅದು ಹೋಗುದೂ ಇಲ್ಲ. ನೀರಿನ ಬಾಟ್ಲಿಯನ್ನು ಈಗ ಮಾವನೇ ತುಂಬಿಸಿ ಮಾವನೇ ಲೆಕ್ಕ ಇಡ್ತಾರೆ. ಶುಕ್ರವಾರ ಅವರ ಜೊತೆ ಹೋಗುದು ನನ್ನ ಗಂಡ. ಆ ದಿನ ನಾನು ಆರು ಗಂಟೆವರೆಗೆ ಮಲಗ್ತೇನೆ. ನಿಲ್ಲಿಸುವ ಯೋಚನೆ ಈಗಲೂ ಬರ್ತದಾ ಅಂತ ಒಮ್ಮೆ ಕೇಳಿದೆ. "ಮಳೆಗಾಲಲಿ ಬಂದದೆ" ಅಂದರು. ಕೇಳಿದ್ದು ಒಳ್ಳೇದಾಯ್ತು. ಈ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೇಳ್ತಿದ್ದೇನೆ.

ಅವತ್ತು ಇಬ್ಬರೂ ಜೋರಾಗಿ ನಕ್ಕದ್ದು ಯಾಕೆ ಅಂತಲೂ ಗೊತ್ತಾಯ್ತು. ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗ್ತದೆ, ಆದರೆ ಮದ್ದು ಮೈಗೆ ಹಿಡೀತು ಅಂತ ನಮ್ಮಲ್ಲಿ ಮಕ್ಕಳೆಲ್ಲ ಕುಣೀತಾವೆ. ಮಾವನಿಗೆ ಈಗ ಮೂತ್ರ ಹೋಗುದೇ ಅಪರೂಪ. ಹುಡುಗಿಯ ಹತ್ರ ಹೇಳಿದ್ದರಂತೆ, "ನಂದ್ ಕೆಂಪಾದರೆ ಮೆಷಿನಿಗೇ ಗೊತ್ತಾದು" ಅಂತ.

ಡಾಕ್ಟ್ರನ್ನು ಕೇಳದೆ ಸೊಪ್ಪುಗಿಪ್ಪು ತಿನ್ನಬಾರದು ಅಂತ ಉಂಟು. ಈ ಸಲ ಆಟಿಗೆ ಮೊದಲೇ ಕೇಳುವ ಅಂತ ಇದ್ದೇವೆ. ಕೇಳುದು ಮಾವ. ನಾನು ಪಕ್ಕದಲ್ಲಿ ಸುಮ್ಮನೆ ಕೂರ್ತೇನೆ. ನಿಮ್ಮ ಮನೇಲೂ ಹೀಗೆ ಫೈಲು ಹಿಡಿದುಕೊಂಡು ಹೋಗುವವರು ಇದ್ದರೆ, ಮುಂದಿನ ಸಲ ಡಾಕ್ಟ್ರು ಕೇಳಿದಾಗ ಅರ್ಧ ನಿಮಿಷ ಬಾಯಿ ಮುಚ್ಚಿ ಕೂತು ನೋಡಿ.