ಕಿತ್ತಳೆ ಪಾಚಿ, ಅಡಿಕೆ ಮರದ ಗೀರು

ಮೂಡುಬಿದಿರೆ
ಸೆಪ್ಟೆಂಬರ್ ಕೊನೆಯ ವಾರ

ಪ್ರೀತಿಯ ಅಕ್ಕ,

ಬಂಟ್ವಾಳದಿಂದ ನಾನು ಕಳಿಸಿದ ಫೋಟೋ ನೋಡಿ, ತೆಂಗಿನ ಮರಕ್ಕೆ ಕಾವಿ ಬಳಿದವರು ಯಾರು ಎಂದು ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಹೇಳಿ ಮುಗಿಯದಷ್ಟು ಉತ್ತರವಿದೆ.

ಪಾಣೆಮಂಗಳೂರಿನ ಕಡೆ ನೇತ್ರಾವತಿ ದಂಡೆಯ ತೋಟಗಳಲ್ಲಿ, ಹಳೆಯ ಮುರಕಲ್ಲಿನ ಗೋಡೆಗಳ ಮೇಲೆ ಈ ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ. ನೋಡಿದವರು ಕಲ್ಲುಹೂವು ಅಂದುಕೊಳ್ಳುವುದೇ ಹೆಚ್ಚು. ಬೆರಳಿನಿಂದ ಒರೆಸಿದರೆ ಮೆತ್ತನೆಯ ಪುಡಿ ಅಂಟುತ್ತದೆ. ಇದು ಟ್ರೆಂಟಿಪೋಲಿಯಾ ಎಂಬ ಪಾಚಿ. ಕುಲದಲ್ಲಿ ಹಸಿರು ಪಾಚಿಯೇ. ಆದರೆ ಕ್ಯಾರೆಟ್‌ಗೆ ಬಣ್ಣ ಕೊಡುವ ಕ್ಯಾರೊಟಿನ್ ಇದರ ಜೀವಕೋಶಗಳಲ್ಲಿ ತುಂಬಿಕೊಂಡು ಹಸಿರನ್ನು ಮುಚ್ಚಿಬಿಡುತ್ತದೆ. 2001ರ ಜುಲೈಯಲ್ಲಿ ಕೇರಳದ ಕೊಟ್ಟಾಯಂ, ಇಡುಕ್ಕಿ ಕಡೆ ಕೆಂಪು ಮಳೆ ಸುರಿದಿತ್ತು. ತಿರುವನಂತಪುರದ ವಿಜ್ಞಾನಿಗಳು ಆ ನೀರನ್ನು ಪರೀಕ್ಷಿಸಿ, ಬಣ್ಣ ಬಂದದ್ದು ಈ ಪಾಚಿಯ ಬೀಜಕಣಗಳಿಂದ ಎಂದು ವರದಿ ಕೊಟ್ಟರು.

ಇದೇ ಪಾಚಿ ಶಿಲೀಂಧ್ರದ ಜೊತೆ ಸೇರಿ ಬಾಳಿದಾಗ ಕಲ್ಲುಹೂವಾಗುತ್ತದೆ! ಅದನ್ನು ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಣ್ಣಾರೆ ಕಂಡೆ. ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ ವೇಣೂರಿನ ಬಾಹುಬಲಿಯನ್ನು ನೋಡಿ ಬರುವಾಗ, ತೋಟದವರನ್ನು ಕೇಳಿಕೊಂಡು ಅಡಿಕೆ ಮರಕ್ಕೆ ಭೂತಗನ್ನಡಿ ಹಿಡಿದೆ. ಬೂದುಬಿಳುಪಿನ ತೇಪೆ, ಅದರ ತುಂಬ ಸಣ್ಣ ಕಪ್ಪು ಗೀರುಗಳು. ಕೆಲವು ನೇರ, ಕೆಲವು ಬಾಗಿ ಕವಲೊಡೆದವು. ಮೂಡುಬಿದಿರೆಯ ಜೈನ ಮಠದ ತಾಳೆಗರಿಗಳಲ್ಲಿ ಕಂಟದಿಂದ ಕೊರೆದ ಅಕ್ಷರಗಳ ಹಾಗೆಯೇ ಇದ್ದವು. ಗ್ರ್ಯಾಫಿಸ್ ಬಳಗದ ಕಲ್ಲುಹೂವು ಇದು. ಶಿಲೀಂಧ್ರದ ಬೀಜಕಣಗಳು ಹುಟ್ಟುವುದು ಆ ಗೀರುಗಳಲ್ಲಿ. ಅಂಚನ್ನು ಉಗುರಿನಿಂದ ತುಸುವೇ ಕೆರೆದಾಗ ಒಳಗೆ ಹಳದಿ ಬೆರೆತ ಹಸಿರು ಕಂಡಿತು. ಅದೇ ಪಾಚಿಯ ಪದರ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ತೇವ ಮತ್ತು ಆಸರೆ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1867ರಲ್ಲಿ ಈ ಜೋಡಿ ಬದುಕಿನ ಮಾತೆತ್ತಿದಾಗ ಆ ಕಾಲದ ಎಷ್ಟೋ ಪಂಡಿತರೇ ಒಪ್ಪಿರಲಿಲ್ಲ. ನೀನು ಮಸಾಲೆಗೆ ಹುರಿಯುವ ಎಲೆಯಂಥ ಕಲ್ಲುಹೂವು ಇದರ ದೂರದ ನೆಂಟ. ಅದರೊಳಗಿರುವ ಪಾಚಿ ಬೇರೆ.

ನಾಳೆ ಬೆಳಿಗ್ಗೆ ಸಾವಿರ ಕಂಬದ ಬಸದಿಗೆ ಹೋಗುತ್ತೇನೆ. 1430ರಲ್ಲಿ ಕಟ್ಟಿದ್ದು. ಮಳೆಗೆ ಒಡ್ಡಿಕೊಂಡ ಹೊರಗಿನ ಕಲ್ಲುಗಳಲ್ಲೂ ಕಲ್ಲುಹೂವು ಇದೆಯೇ ಎಂದು, ಮುಟ್ಟದೆ, ಕಣ್ಣಿನಲ್ಲೇ ನೋಡಿ ಬರುತ್ತೇನೆ.

ಒಂದು ಮಾತು ಅಪ್ಪನಿಗೆ ಹೇಳು. ನಮ್ಮ ಅಡಿಕೆ ಮರಗಳ ಬಿಳಿ ತೇಪೆಯನ್ನು ರೋಗವೆಂದು ತಿಳಿದು ತೆಂಗಿನ ಕತ್ತದಲ್ಲಿ ಉಜ್ಜಿಸುತ್ತಿದ್ದಾರೆ ಎಂದು ನೀನು ಹೇಳಿದ್ದೆ. ದಯವಿಟ್ಟು ಬೇಡ. ಕಲ್ಲುಹೂವಿಗೆ ಬೇರಿಲ್ಲ; ಅದು ಮರದ ರಸ ಹೀರುವುದಿಲ್ಲ, ಮಳೆ ಮತ್ತು ಮಂಜಿನ ನೀರೇ ಅದಕ್ಕೆ ಸಾಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ಹಾಗೆ ಇದಕ್ಕೆ ಮದ್ದು ಹೊಡೆಯುವ ಅಗತ್ಯವೂ ಇಲ್ಲ. ಮರ ಸೊರಗಿದ್ದರೆ ಕಾರಣವನ್ನು ಬುಡದಲ್ಲಿ, ಸುಳಿಯಲ್ಲಿ ಹುಡುಕಲಿ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ತೋಟಕ್ಕೆ ಕಳಿಸು; ಎಂಥ ಗೀರುಗಳು ಕಂಡವೆಂದು ಅವರೇ ನನಗೆ ಬರೆಯಲಿ.

ಇಂತಿ,
ನಿನ್ನ ತಮ್ಮ