ಮರಳಿ ಕರೆಯುವ ದಾರಿ

ಇಡಗುಂದಿಯವರಿಗೆ ರೇಡಿಯೋ ಅಲೆಗಳ ಸ್ವಭಾವವನ್ನು ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಸಿಗುವ ಸಿಗ್ನಲ್ ಅಡಿಕೆ ತೋಟಕ್ಕಿಳಿದರೆ ಮಾಯ. ದಿಬ್ಬ ಹತ್ತಿ ಮೊಬೈಲನ್ನು ಎತ್ತಿ ಹಿಡಿಯುವುದು ನಮಗೆ ರೂಢಿ. ಇಲ್ಲಿ ಅಡ್ಡ ಬರುವುದು ಗುಡ್ಡ ಮತ್ತು ಕಾಡು, ಅವುಗಳಿಗೆ ದುರುದ್ದೇಶವಿಲ್ಲ. ಬೇಕೆಂದೇ ಅಡ್ಡಿಪಡಿಸುವ ವಿದ್ಯೆಯೂ ಒಂದಿದೆ. ಅದಕ್ಕೆ ಜಾಮಿಂಗ್ ಎನ್ನುತ್ತಾರೆ.

ಸಾಮಾನ್ಯ ಡ್ರೋನಿಗೂ ಅದನ್ನು ಹಾರಿಸುವವನಿಗೂ ಇರುವ ನಂಟು ರೇಡಿಯೋ ಅಲೆ. ಅದೇ ಕಂಪನಾಂಕದಲ್ಲಿ ಯಾರಾದರೂ ಜೋರಾಗಿ ಗದ್ದಲವೆಬ್ಬಿಸಿದರೆ ಆಜ್ಞೆ ತಲುಪುವುದಿಲ್ಲ, ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಕಂಪನಾಂಕವನ್ನು ಕ್ಷಣಕ್ಷಣಕ್ಕೂ ಬದಲಿಸುವುದು ಇದಕ್ಕೆ ಹಳೆಯ ಉಪಾಯ. 1942ರಲ್ಲಿ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಅಮೆರಿಕದಲ್ಲಿ ಇಂಥದೊಂದು ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಈಗ ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಸೇರಿದೆ. ಗದ್ದಲ ಎಲ್ಲಿ, ಯಾವಾಗ ಏಳುತ್ತದೆಂದು ಅದು ಆಲಿಸಿ ಕಲಿಯುತ್ತದೆ. ತೆರವಾಗಿರುವ ಕಂಪನಾಂಕಕ್ಕೆ ಸಂದೇಶವನ್ನು ದಾಟಿಸುತ್ತದೆ.

ಇದು ದೂರದ ಯುದ್ಧಭೂಮಿಯ ಮಾತು ಮಾತ್ರವಲ್ಲ. ನಮ್ಮ ಯಲ್ಲಾಪುರದ ಬೇಡ್ತಿಯೇ ಕೆಳಗಿಳಿದು ಗಂಗಾವಳಿಯಾಗುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಕೇರಳದ ಚಾಲಕನೊಬ್ಬನ ಲಾರಿ ಆ ನದಿಯ ಪಾಲಾಯಿತು. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಡ್ರೋನ್ ಹಾರಿಸಿ ಹುಡುಕಿತು. ಲಾರಿ ಮತ್ತು ಮೃತದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅಂಥ ಹೊತ್ತಿನಲ್ಲಿ ಡ್ರೋನಿನ ಸಂಪರ್ಕ ಕಡಿಯದಂತೆ ಕಾಯುವುದು ಪುಣ್ಯದ ಕೆಲಸವೇ ಸರಿ.

ಆದರೆ ಇದೇ ವಿದ್ಯೆಗೆ ಇನ್ನೊಂದು ಮುಖವಿದೆ. ಉಕ್ರೇನ್ ಯುದ್ಧದಲ್ಲಿ ಜಾಮಿಂಗ್ ಹೆಚ್ಚಿದಂತೆ, ಕೆಲವು ಡ್ರೋನುಗಳು ಕೂದಲೆಳೆಯಂಥ ಗಾಜಿನ ತಂತಿಯನ್ನು ಬಿಚ್ಚಿಕೊಳ್ಳುತ್ತಾ ಹಾರತೊಡಗಿದವು. ಇನ್ನು ಕೆಲವಕ್ಕೆ, ಸಂಪರ್ಕ ಕಡಿದರೂ ಕ್ಯಾಮೆರಾದಲ್ಲಿ ಕಂಡ ಗುರಿಯ ಬೆನ್ನು ಬಿಡದ ಬುದ್ಧಿ ಕೊಟ್ಟರು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಗಡಿಯಲ್ಲಿ ಡ್ರೋನುಗಳು ಹಾರಾಡಿದ್ದನ್ನು ನಾವೂ ಕಂಡೆವು. ಮಕ್ಕಳನ್ನು ಅವುಚಿಕೊಂಡು ಕತ್ತಲಲ್ಲಿ ಕುಳಿತ ತಾಯಿಗೆ ಜಾಮರೇ ಗುರಾಣಿ.

ಹಾಗಾದರೆ ಯಾವುದು ಸರಿ? ನನಗೆ ತೋಚುವುದಿಷ್ಟು. ಆ ರೇಡಿಯೋ ಅಲೆ 'ಹೋಗು' ಎಂಬ ಆಜ್ಞೆಯನ್ನಷ್ಟೇ ಅಲ್ಲ, 'ನಿಲ್ಲು, ಮರಳಿ ಬಾ' ಎಂಬ ಮಾತನ್ನೂ ಒಯ್ಯುತ್ತದೆ. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯಲಾಗದು. ಡ್ರೋನನ್ನು ಕರೆಯಬಹುದು, ಸಂಪರ್ಕ ಉಳಿದಿದ್ದರೆ. ಮನುಷ್ಯನ ಧ್ವನಿ ತಲುಪುವಂತೆ ದಾರಿ ಕಾಯುವುದು ಒಂದು, ಆ ಧ್ವನಿಯ ಅಗತ್ಯವೇ ಇಲ್ಲದಂತೆ ಮಾಡುವುದು ಇನ್ನೊಂದು. ಎರಡನ್ನೂ ರಕ್ಷಣೆ ಎಂದೇ ಕರೆಯುತ್ತಾರೆ. ಎರಡನೆಯದರಲ್ಲಿ, ಕೊನೆಯ ಗಳಿಗೆಯಲ್ಲಿ ಕ್ಯಾಮೆರಾದೆದುರು ಮಗುವೊಂದು ಓಡಿ ಬಂದರೂ ತಡೆಯುವವರಿಲ್ಲ. ಆ ಪಾಪದ ಹೊಣೆ ಯಂತ್ರ ಹೊರುವುದೇ?

ನಮ್ಮ ತಾಲೂಕಿನ ಮಕ್ಕಳೂ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋಗುತ್ತಾರೆ. ಡಿಆರ್‌ಡಿಓದ ಕೃತಕ ಬುದ್ಧಿಮತ್ತೆ ಕೇಂದ್ರ ಇರುವುದೂ ಅಲ್ಲಿಯೇ. ನಾಳೆ ಅವರಲ್ಲಿ ಯಾರಾದರೂ ಈ ಕೆಲಸಕ್ಕೆ ಸೇರಬಹುದು. ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತೇವೆ. ನೀನು ಮಾಡಿದ ಯಂತ್ರವನ್ನು ಮರಳಿ ಕರೆಯಲು ಬರುತ್ತದೆಯೇ ಎಂದೂ ಕೇಳೋಣ.