ಕೈಯಲ್ಲೇ ಉಳಿದ ಎಲೆ

ನಮ್ಮ ಮನೆಯಲ್ಲಿ ಇಸ್ಪೀಟು ಅನ್ನುವ ಮಾತೇ ಎತ್ತುವಂತಿಲ್ಲ. ಊರಲ್ಲಿ ಯಾರದೋ ಜಗಲಿ ಮೇಲೆ ನಾಲ್ಕು ಜನ ಎಲೆ ಹಿಡಿದು ಕೂತಿದ್ದರೆ ಅಬ್ಬಾ ಆ ಕಡೆ ತಿರುಗಿಯೂ ನೋಡದೆ ಹೋಗಿಬಿಡುತ್ತಾರೆ. ಅಂಥ ಅಬ್ಬಾ ಕೈಗೆ ಒಂದು ರಾತ್ರಿ ನನ್ನ ಗಣಿತದ ನೋಟ್‌ಬುಕ್ ಸಿಕ್ಕಿತು. ಅದರ ಹಿಂದಿನ ಎರಡು ಪುಟಗಳ ತುಂಬ ‘ಗೆಲುವು, +30’, ‘ಸೋಲು, −28’ ಎಂದು ನಾನು ಸಾಲುಸಾಲಾಗಿ ಬರೆದಿಟ್ಟಿದ್ದೆ.

ಅಬ್ಬಾ ಕೂಗಾಡಲಿಲ್ಲ. ಪುಸ್ತಕವನ್ನು ನನ್ನ ಮುಂದೆ ಇಟ್ಟು, “ಎಷ್ಟು ದುಡ್ಡು ಹೋಯ್ತು, ನಿಜ ಹೇಳು ಬೇಟಾ” ಎಂದರು. (ಮನೆಯಲ್ಲಿ ನಾವು ಮಾತಾಡುವುದು ಉರ್ದು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.) ಅವರ ಭಯ ನನಗೆ ಅರ್ಥವಾಯಿತು. ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡವರ ಕಥೆ ಅವರ ಮಾರುಕಟ್ಟೆಯಲ್ಲಿ ದಿನಾ ಕೇಳಿಬರುತ್ತಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದದ್ದೂ ಇಂಥ ಕಥೆಗಳಿಂದಲೇ.

ನನ್ನ ಲೆಕ್ಕ ಜೂಜಿನದ್ದಲ್ಲ, ಕ್ಲಾಷ್ ರಾಯಲ್ ಆಟದ್ದು. ಫಿನ್‌ಲೆಂಡಿನ ಸೂಪರ್‌ಸೆಲ್ ಕಂಪನಿ 2016ರಲ್ಲಿ ತಂದ ಈ ಆಟ ನಮ್ಮ ತರಗತಿಯಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗಾಗಿ, ಮುಖ್ಯವಾಗಿ ನಮ್ಮ ಉಪನ್ಯಾಸಕರಿಗಾಗಿ, ಎರಡು ಮಾತು. ನಾವು ಕೂಡಿಸಿಟ್ಟ ಕಾರ್ಡುಗಳಲ್ಲಿ ಎಂಟನ್ನು ಆರಿಸಿ ಒಂದು ಡೆಕ್ ಕಟ್ಟಬೇಕು. ಆಡುವಾಗ ಕೈಯಲ್ಲಿ ನಾಲ್ಕೇ ಕಾರ್ಡು ಇರುತ್ತವೆ. ಒಂದನ್ನು ಇಳಿಸಿದರೆ ಮುಂದಿನದು ಬರುತ್ತದೆ. ಇಳಿಸಿದ ಕಾರ್ಡು ಮತ್ತೆ ಕೈಗೆ ಬರಬೇಕಾದರೆ ಬೇರೆ ನಾಲ್ಕನ್ನು ಆಡಿರಬೇಕು. ಪ್ರತಿ ಕಾರ್ಡಿಗೂ ಎಲಿಕ್ಸಿರ್ ಎಂಬ ಬೆಲೆ ಇದೆ. ಮೊದಲ ಎರಡು ನಿಮಿಷ 2.8 ಸೆಕೆಂಡಿಗೆ ಒಂದರಂತೆ ಎಲಿಕ್ಸಿರ್ ತುಂಬುತ್ತದೆ, ಹತ್ತಕ್ಕಿಂತ ಹೆಚ್ಚು ಕೂಡಿಡಲು ಆಗುವುದಿಲ್ಲ. ಮೂರು ನಿಮಿಷದೊಳಗೆ ಎದುರಾಳಿಯ ಗೋಪುರ ಬೀಳಿಸಬೇಕು. ಪುಸ್ತಕದಲ್ಲಿದ್ದ +30, −28 ಎಲ್ಲ ಟ್ರೋಫಿಯ ಅಂಕ, ರೂಪಾಯಿ ಅಲ್ಲ.

ಹಳೆಯ ಎಲೆಯಾಟಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಡೆಕ್ ಕಟ್ಟುವುದರಲ್ಲೇ ಇದೆ. ಮೈಸೂರು ಸೀಮೆಯ ಗಂಜೀಫಾ ಎಲೆಗಳ ಬಗ್ಗೆ ಕೇಳಿರುತ್ತೀರಿ. ಪರ್ಷಿಯಾ ಕಡೆಯಿಂದ ಬಂದು ಮೊಘಲರ ಕಾಲದಲ್ಲಿ ಹರಡಿದ ಆಟ ಅದು. ಮುಮ್ಮಡಿ ಕೃಷ್ಣರಾಜ ಒಡೆಯರು ಅದರಲ್ಲಿ ಹೊಸ ಹೊಸ ಬಗೆಗಳನ್ನೇ ರೂಪಿಸಿದ್ದರು. ಮೊಘಲ್ ಗಂಜೀಫಾದಲ್ಲಿ 96 ದುಂಡನೆಯ ಎಲೆಗಳು, ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು. ಆಡುವವರೆಲ್ಲರಿಗೂ ಅದೇ ಒಂದು ಕಟ್ಟು, ಹಂಚಿದ್ದೇ ಅದೃಷ್ಟ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ‘ಮ್ಯಾಜಿಕ್: ದಿ ಗ್ಯಾದರಿಂಗ್’ ತಂದಾಗ ಪ್ರತಿಯೊಬ್ಬನೂ ತಾನೇ ಕಟ್ಟಿದ ಡೆಕ್ ಹಿಡಿದು ಬರುವ ಪದ್ಧತಿ ಶುರುವಾಯಿತು. ಅಲ್ಲಿಂದ ಆಟ ಶುರುವಾಗುವ ಮೊದಲೇ ಅರ್ಧ ಆಟ ಮುಗಿದಿರುತ್ತದೆ. ಸೋತರೆ ಹಂಚಿದವನನ್ನು ಬೈಯುವ ಹಾಗಿಲ್ಲ.

ಆದರೂ ನಾನು ಬೈಯುತ್ತಿದ್ದೆ. ನೆಟ್‌ವರ್ಕ್ ಸರಿ ಇಲ್ಲ, ಎದುರಾಳಿಯ ಲೆವೆಲ್ ಜಾಸ್ತಿ, ನನ್ನ ನಸೀಬು ಸರಿ ಇಲ್ಲ. ಇದನ್ನು ಕೇಳಿ ಕೇಳಿ ಬೇಸತ್ತ ನನ್ನ ಬೆಂಚಿನ ಗೆಳೆಯ, “ಲೋ, ಬರೀ ಬಾಯಲ್ಲಿ ಹೇಳಬ್ಯಾಡ ಕಣ್ಲಾ, ಬರ್ದಿಡು. ಇಪ್ಪತ್ತು ಆಟ ಆಡು, ಯಾಕೆ ಸೋತೆ ಅಂತ ಒಂದೊಂದು ಸಾಲು ಬರಿ” ಎಂದ. ಹಾಗೆ ಶುರುವಾದದ್ದು ಆ ಪುಟಗಳು. ಕಾಲೇಜಿಗೆ ಮೊಬೈಲ್ ತರುವಂತಿಲ್ಲ. ಮಗ್ರಿಬ್ ಆದ ಮೇಲೆ ಮನೆಯಲ್ಲಿ ದಿನಕ್ಕೆ ಐದೇ ಆಟ, ನಾಲ್ಕು ದಿನಕ್ಕೆ ಇಪ್ಪತ್ತು.

ನನ್ನ ಡೆಕ್ ಹೀಗಿತ್ತು: ಪೆಕ್ಕಾ 7, ಜೈಂಟ್ 5, ಪ್ರಿನ್ಸ್ 5, ವಿಝಾರ್ಡ್ 5, ಹಾಗ್ ರೈಡರ್ 4, ಮಸ್ಕಟೀರ್ 4, ಬೇಬಿ ಡ್ರಾಗನ್ 4, ಫೈರ್‌ಬಾಲ್ 4. ಎಲ್ಲರೂ ಬಲಶಾಲಿಗಳೇ. ಒಟ್ಟು 38, ಸರಾಸರಿ 4.75. ಅದರಲ್ಲಿ ಅತಿ ಅಗ್ಗದ ನಾಲ್ಕನ್ನು ಆಡಲೂ 16 ಎಲಿಕ್ಸಿರ್ ಬೇಕು, ಅಂದರೆ ಸುಮಾರು 45 ಸೆಕೆಂಡು. ಬಹಳ ಜನ ಬಳಸುವ ಇನ್ನೊಂದು ಡೆಕ್ ಇದೆ, ‘2.6 ಹಾಗ್’ ಅನ್ನುತ್ತಾರೆ. ಅದರ ಎಂಟು ಕಾರ್ಡಿನ ಮೊತ್ತ 21. ಅಗ್ಗದ ನಾಲ್ಕಕ್ಕೆ 6 ಎಲಿಕ್ಸಿರ್ ಸಾಕು, 17 ಸೆಕೆಂಡಿನಲ್ಲಿ ಬೇಕಾದ ಕಾರ್ಡು ವಾಪಸ್ ಕೈಯಲ್ಲಿ. ನಾನು ಒಂದು ಸಲ ಹೊಡೆಯಲು ಕಾಯುವಷ್ಟರಲ್ಲಿ ಅವರು ಎರಡು ಸಲ ಹೊಡೆದಿರುತ್ತಾರೆ.

ಇಷ್ಟೆಲ್ಲ ಆ ರಾತ್ರಿ ಅಬ್ಬಾಗೆ ವಿವರಿಸಿದೆ. ಅವರು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡಿನ ಲೆಕ್ಕ ನೋಡುವವರು. ಯಾವ ತೋಟದ ಕಾಯಿ, ಎಷ್ಟು ಬಂತು, ಎಷ್ಟು ವಾಪಸಾಯಿತು ಎಂದು ಅವರ ಬಳಿಯೂ ಇಂಥದ್ದೇ ಪುಸ್ತಕ ಇದೆ. ಕನ್ನಡಕ ಹಾಕಿಕೊಂಡು ನನ್ನ ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ, “ಈ ಪೆಕ್ಕಾ ಅಂದರೆ ಏನು? ಹನ್ನೊಂದು ಕಡೆ ‘ಕೈಯಲ್ಲೇ ಉಳಿಯಿತು’ ಅಂತ ಬರೆದಿದ್ದೀಯಲ್ಲ” ಎಂದರು.

ನಾನೇ ಬರೆದದ್ದು, ನಾನೇ ನೋಡಿರಲಿಲ್ಲ. ಇಪ್ಪತ್ತರಲ್ಲಿ ಹನ್ನೊಂದು ಆಟ ಅದು ಒಮ್ಮೆಯೂ ಇಳಿಯದೆ ಕೈಯಲ್ಲಿ ಕೂತಿತ್ತು. ಅಂದರೆ ಅಷ್ಟೂ ಆಟಗಳಲ್ಲಿ ನಾನು ನಾಲ್ಕು ಕಾರ್ಡಿನ ಬದಲು ಮೂರರಲ್ಲೇ ಆಡುತ್ತಿದ್ದೆ.

“ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀಯ?”

ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. ಕಳೆದ ರಂಜಾನ್ ರಜೆಯಲ್ಲಿ ಅಮ್ಮಿಯ ಫೋನಿನಿಂದ, ಅಮ್ಮಿಗೆ ಹೇಳದೆ, 199 ರೂಪಾಯಿ ಕಟ್ಟಿ ಆ ಪೆಕ್ಕಾದ ಲೆವೆಲ್ ಏರಿಸಿಕೊಂಡಿದ್ದೆ. ಅದನ್ನು ಡೆಕ್ಕಿನಿಂದ ತೆಗೆದರೆ ಆ ದುಡ್ಡು ದಂಡವಾಯಿತು ಎಂದು ಒಪ್ಪಿಕೊಂಡ ಹಾಗೆ. ಕದ್ದದ್ದನ್ನೂ ಒಪ್ಪಿಕೊಂಡ ಹಾಗೆ. ತಲೆ ತಗ್ಗಿಸಿ ಎಲ್ಲ ಹೇಳಿದೆ.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೊದಲು ಅಮ್ಮಿಗೆ ಹೇಳು” ಎಂದರು. ಆಮೇಲೆ, “ದುಡ್ಡು ಕೊಟ್ಟು ತಂದದ್ದು ಅಂತ ಕೆಟ್ಟ ಕಾಯಿಯನ್ನು ಲೋಡಿಗೆ ಹಾಕುತ್ತಾರಾ? ಹಾಕಿದರೆ ಇಡೀ ಲೋಡು ವಾಪಸ್” ಎಂದು ಎದ್ದುಹೋದರು.

ಅಮ್ಮಿಗೆ ಹೇಳಿದೆ. ಆ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಎರಡು ಭಾನುವಾರ ಅಬ್ಬಾ ಜೊತೆ ಮದ್ದೂರಿಗೆ ಹೋಗಿ ಕಾಯಿ ಎಣಿಸಿ 199 ರೂಪಾಯಿ ತೀರಿಸಿದೆ.

ಪೆಕ್ಕಾ ತೆಗೆದು 3 ಎಲಿಕ್ಸಿರಿನ ಕ್ಯಾನನ್ ಹಾಕಿದೆ. ಬೇರೆ ಏನನ್ನೂ ಮುಟ್ಟಲಿಲ್ಲ, ಏಕೆಂದರೆ ಒಟ್ಟಿಗೆ ಮೂರು ಕಾರ್ಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಭೌತಶಾಸ್ತ್ರದ ಪ್ರಯೋಗದಲ್ಲೂ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡುತ್ತೇವಲ್ಲ, ಹಾಗೆ. ಹಳೆಯ ಡೆಕ್ಕಿನಲ್ಲಿ ಇಪ್ಪತ್ತಕ್ಕೆ ಒಂಬತ್ತು ಗೆದ್ದಿದ್ದೆ. ಕ್ಯಾನನ್ ಬಂದ ಮೇಲೆ ಎಂಟು! ಬೇಜಾರಾದರೂ ಮುಂದುವರಿಸಿದೆ. ಪ್ರಿನ್ಸ್ ಬದಲು 1 ಎಲಿಕ್ಸಿರಿನ ಸ್ಕೆಲಿಟನ್ಸ್ ಹಾಕಿದ ಮೇಲೆ ಹನ್ನೆರಡು ಗೆದ್ದೆ. ಕುಣಿಯುವಷ್ಟರಲ್ಲಿ ಗೆಳೆಯ ಲೆಕ್ಕ ಹಾಕಿ ತೋರಿಸಿದ: ನಾಣ್ಯವನ್ನು 20 ಸಲ ಚಿಮ್ಮಿದರೂ 12 ಅಥವಾ ಹೆಚ್ಚು ಸಲ ಹೆಡ್ ಬೀಳುವ ಸಂಭವನೀಯತೆ ಸುಮಾರು 0.25. ಹಾಗಾಗಿ ಎಂಟಕ್ಕೆ ಅಳುವುದೂ ಹನ್ನೆರಡಕ್ಕೆ ಕುಣಿಯುವುದೂ ಎರಡೂ ತಪ್ಪು. ನಂಬಬಹುದಾದ ಬದಲಾವಣೆ ಬೇರೆ ಕಾಲಂನಲ್ಲಿತ್ತು. ಅಗ್ಗದ ನಾಲ್ಕು ಕಾರ್ಡಿಗೆ ಈಗ 16ರ ಬದಲು 12 ಎಲಿಕ್ಸಿರ್ ಸಾಕು. ಒಂದು ಕಾರ್ಡು ಕೊನೆಯವರೆಗೂ ಕೈಯಲ್ಲೇ ಉಳಿದದ್ದು ಹನ್ನೊಂದು ಸಲದಿಂದ ಎರಡಕ್ಕೆ ಇಳಿದಿತ್ತು.

ಆಟದಿಂದ ಅಂಕ ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ರಸಾಯನಶಾಸ್ತ್ರದ ಮಧ್ಯವಾರ್ಷಿಕ ಉತ್ತರ ಪತ್ರಿಕೆ ಕೈಗೆ ಬಂದಾಗ ಪ್ರಶ್ನೆಪತ್ರಿಕೆ ಕಷ್ಟ ಇತ್ತು ಎನ್ನುವ ಮೊದಲು ಅದೇ ನೋಟ್‌ಬುಕ್ಕಿನಲ್ಲಿ ಒಂದು ಹೊಸ ಪುಟ ತೆರೆದೆ. ಎಲ್ಲೆಲ್ಲಿ ಅಂಕ ಹೋಯಿತು ಎಂದು ಒಂದೊಂದು ಸಾಲು ಬರೆದೆ. ಅಲ್ಲೂ ಒಂದು ಪೆಕ್ಕಾ ಇತ್ತು. ಅದರ ಕಥೆ ಇನ್ನೊಮ್ಮೆ.

ಅಬ್ಬಾಗೆ ಈಗಲೂ ಇಸ್ಪೀಟು ಆಗುವುದಿಲ್ಲ. ಆದರೆ ಶನಿವಾರ ರಾತ್ರಿ ತಮ್ಮ ಲೋಡಿನ ಪುಸ್ತಕ ಬರೆಯುತ್ತಾ ಕೂತಾಗ ತಲೆ ಎತ್ತದೆಯೇ ಕೇಳುತ್ತಾರೆ: “ಈ ವಾರ ಯಾವುದನ್ನು ತೆಗೆದೆ?”

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ